ಉಜಿರೆಯ ಶಿಬಿರ, ದೇಶದ ಆರ್‌ಸೆಟಿ

ಗ್ರಾಮೀಣ ಅಭಿವೃದ್ಧಿ ಮತ್ತು ಸ್ವ ಉದ್ಯೋಗ ತರಬೇತಿ ಸಂಸ್ಥೆ ಆರಂಭವಾದದ್ದು 1982ರಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ. ಧರ್ಮಸ್ಥಳಕ್ಕೆ ಹೋಗುವ ಬಸ್ಸುಗಳು ಹೆದ್ದಾರಿ ಬಿಟ್ಟು ತಿರುಗುವ ಊರು ಅದು. ಸಂಸ್ಥೆಯ ಪೂರ್ತಿ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಜನ ಅದನ್ನು ರುಡ್‌ಸೆಟ್ ಎಂದೇ ಕರೆದರು. ಕೆಲಸವಿಲ್ಲದ ಹಳ್ಳಿಯ ಯುವಕ ಯುವತಿಯರನ್ನು ಕೆಲವು ವಾರ ಒಂದೆಡೆ ಇರಿಸಿಕೊಂಡು, ಊಟ ವಸತಿ ಕೊಟ್ಟು, ಕಾಸು ತೆಗೆದುಕೊಳ್ಳದೆ ಒಂದು ಕಸುಬು ಕಲಿಸುವುದು, ಆ ಕಸುಬು ಸ್ವಂತ ದುಡಿಮೆಯಾಗಿ ಕಾಲೂರುವವರೆಗೆ ಹಿಂದೆ ನಿಲ್ಲುವುದು ಅದರ ಕೆಲಸ. ಇಂದು ದೇಶದ ಹೆಚ್ಚಿನ ಜಿಲ್ಲೆಗಳಲ್ಲಿರುವ ಆರ್‌ಸೆಟಿಗಳು, ಅಂದರೆ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳು, ಇದೇ ಮಾದರಿಯಲ್ಲಿ ರೂಪುಗೊಂಡವು.

ಎಪ್ಪತ್ತರ ದಶಕದ ಕೊನೆಯ ದಕ್ಷಿಣ ಕನ್ನಡದಲ್ಲಿ ಶಾಲೆಗಳಿಗೆ ಕೊರತೆ ಇರಲಿಲ್ಲ, ಬ್ಯಾಂಕುಗಳಿಗಂತೂ ಇರಲೇ ಇಲ್ಲ. ಕೊರತೆ ಇದ್ದದ್ದು ಕೆಲಸಕ್ಕೆ. 1974ರ ಭೂಸುಧಾರಣಾ ತಿದ್ದುಪಡಿಯಿಂದ ಸಾವಿರಾರು ಗೇಣಿದಾರರು ತಾವು ಉಳುತ್ತಿದ್ದ ಭೂಮಿಯ ಒಡೆಯರಾದರು. ಆದರೆ ಆ ಹಿಡುವಳಿಗಳು ಚಿಕ್ಕವು. ಎಸ್ಸೆಸ್ಸೆಲ್ಸಿ ಮುಗಿಸಿದ ಮೂರು ನಾಲ್ಕು ಮಕ್ಕಳನ್ನು ಸಾಕುವಷ್ಟು ದೊಡ್ಡವಲ್ಲ. ಮುಂಬೈಯ ಹೋಟೆಲುಗಳಿಗೆ ಹೋಗುವುದು ಹಳೆಯ ದಾರಿ. ಹೋಗಲಾರದವರು ಅರ್ಜಿ ಬರೆಯುತ್ತ, ಶಿಫಾರಸು ಹುಡುಕುತ್ತ ಊರಲ್ಲೇ ಉಳಿದರು. ಕೆಲಸ ಕೊಡಿಸಿ ಎಂದು ಧರ್ಮಸ್ಥಳಕ್ಕೆ ಬಂದು ಕೇಳುತ್ತಿದ್ದ ಯುವಕರ ಸಂಖ್ಯೆಯೂ ಹೆಚ್ಚುತ್ತಿತ್ತು. ಅಷ್ಟು ಜನರಿಗೆ ಸಂಬಳದ ಕೆಲಸ ಕೊಡಲು ಒಂದು ಕ್ಷೇತ್ರದಿಂದ ಆಗದು. ತಮ್ಮ ಕೆಲಸವನ್ನು ತಾವೇ ಕಟ್ಟಿಕೊಳ್ಳುವಂತೆ ಅವರನ್ನು ಸಿದ್ಧಗೊಳಿಸುವ ಯೋಚನೆ ಬಂದದ್ದು ಅಲ್ಲಿಂದ. ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆ ಅವರ ಮುಂದಾಳತ್ವದಲ್ಲಿ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಸಂಸ್ಥೆ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಮೂರೂ ಸೇರಿ ಅದನ್ನು ಕಾರ್ಯರೂಪಕ್ಕೆ ತಂದವು.

ಬ್ಯಾಂಕುಗಳು ಇದಕ್ಕೆ ಕೈಹಾಕಿದ್ದು ಬರೀ ದಾನಬುದ್ಧಿಯಿಂದಲ್ಲ ಎಂಬುದನ್ನು ಗಮನಿಸಬೇಕು. ಕೆನರಾ ಬ್ಯಾಂಕನ್ನು ಅಮ್ಮೆಂಬಳ ಸುಬ್ಬರಾವ್ ಪೈ ಅವರು 1906ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದರು. ಸಿಂಡಿಕೇಟ್ ಬ್ಯಾಂಕ್ ಉಡುಪಿಯಲ್ಲಿ 1925ರಲ್ಲಿ, ಕೇವಲ 8,000 ರೂಪಾಯಿ ಬಂಡವಾಳದೊಂದಿಗೆ ಶುರುವಾಯಿತು. 1928ರಲ್ಲಿ ಅದು ತಂದ ಪಿಗ್ಮಿ ಯೋಜನೆಯಲ್ಲಿ ಏಜೆಂಟರು ದಿನವೂ ಮನೆಬಾಗಿಲಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಉಳಿತಾಯವನ್ನೂ ಸಂಗ್ರಹಿಸುತ್ತಿದ್ದರು. ಸಣ್ಣ ಜನರ ಹಣ ಎಂಥದೆಂದು ಈ ಎರಡಕ್ಕೂ ಹುಟ್ಟಿನಿಂದ ಗೊತ್ತಿತ್ತು. 1969ರ ರಾಷ್ಟ್ರೀಕರಣದ ಬಳಿಕ ಆದ್ಯತಾ ವಲಯಕ್ಕೆ, ಬಡವರಿಗೆ ಸಾಲ ಕೊಡುವ ಹೊಣೆಯೂ ಬಂತು. ಕೊಟ್ಟ ಸಾಲ ತಿರುಗಿ ಬರಬೇಕಾದರೆ ಪಡೆದವನಿಗೆ ಕಸುಬು ಗೊತ್ತಿರಬೇಕು, ಲೆಕ್ಕ ಬರೆಯಲು ಬರಬೇಕು, ಮೊದಲ ನಷ್ಟಕ್ಕೇ ಕೈಚೆಲ್ಲಬಾರದು. ಅಂಥ ಸಾಲಗಾರರು ತಾವಾಗಿ ಸಿಗುವುದಿಲ್ಲ, ತಯಾರು ಮಾಡಿಕೊಳ್ಳಬೇಕು. ಹೀಗೆ ತರಬೇತಿಯ ಖರ್ಚು ಬ್ಯಾಂಕಿನ ಸ್ವಂತ ಹಿತಕ್ಕೂ ಹೊಂದಿಕೊಂಡಿತು. ಬರೀ ಉಪಕಾರದ ಮೇಲೆ ನಿಂತಿದ್ದರೆ ಈ ವ್ಯವಸ್ಥೆ ನಾಲ್ಕು ದಶಕ ಬಾಳುತ್ತಿರಲಿಲ್ಲ.

ಸರ್ಕಾರದ ತರಬೇತಿ ಆಗ ಇರಲಿಲ್ಲವೆಂದಲ್ಲ. 1979ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಆರಂಭಿಸಿದ್ದ ಟ್ರೈಸೆಂ ಯೋಜನೆ ಬಡತನ ರೇಖೆಗಿಂತ ಕೆಳಗಿನ ಗ್ರಾಮೀಣ ಯುವಜನರಿಗೆ ಕಸುಬು ಕಲಿಸುತ್ತಿತ್ತು, ಶಿಷ್ಯವೇತನವನ್ನೂ ಕೊಡುತ್ತಿತ್ತು. ಅದರ ದೌರ್ಬಲ್ಯ ಇದ್ದದ್ದು ಜೋಡಣೆಯಲ್ಲಿ. ಕಲಿಸುವವರು ಒಬ್ಬರು, ಫಲಾನುಭವಿಯನ್ನು ಆರಿಸುವವರು ಇನ್ನೊಬ್ಬರು, ಸಾಲ ಕೊಡಬೇಕಾದವರು ಮತ್ತೊಬ್ಬರು. ಪ್ರಮಾಣಪತ್ರ ಹಿಡಿದು ಬ್ಯಾಂಕಿಗೆ ಹೋದ ಹುಡುಗನನ್ನು ಮ್ಯಾನೇಜರು ಮೊದಲ ಸಲ ನೋಡುವುದು ಆಗಲೇ. ಶಿಷ್ಯವೇತನಕ್ಕಾಗಿಯೇ ಬಂದು, ಅದು ನಿಂತ ದಿನ ಕಸುಬನ್ನೂ ಬಿಟ್ಟವರು ಕಡಿಮೆಯಿರಲಿಲ್ಲ. 1999ರಲ್ಲಿ ಟ್ರೈಸೆಂ ಸ್ವರ್ಣಜಯಂತಿ ಗ್ರಾಮ ಸ್ವರೋಜಗಾರ್ ಯೋಜನೆಯಲ್ಲಿ ವಿಲೀನವಾಯಿತು. ಉಜಿರೆಯಲ್ಲಿ ಈ ಮೂರೂ ಕೊಂಡಿಗಳು ಒಂದೇ ಸೂರಿನಡಿ ಇದ್ದವು. ಸಂಸ್ಥೆಯ ನಿರ್ದೇಶಕನೇ ಬ್ಯಾಂಕಿನ ಅಧಿಕಾರಿ. ತರಬೇತಿಯ ಮೊದಲ ದಿನದಿಂದಲೇ ಶಿಬಿರಾರ್ಥಿಯನ್ನು ನೋಡುವ ಕಣ್ಣು ನಾಳೆ ಸಾಲ ಕೊಡುವವರ ಕಣ್ಣು.

ಒಂದು ತಂಡದಲ್ಲಿ ಸಾಮಾನ್ಯವಾಗಿ 25ರಿಂದ 35 ಮಂದಿ ಇರುತ್ತಾರೆ. ಆಯ್ಕೆಯಲ್ಲಿ ಅಂಕಪಟ್ಟಿಗಿಂತ ಸಂದರ್ಶನಕ್ಕೆ ತೂಕ ಹೆಚ್ಚು. ಯಾವ ಕಸುಬು ಬೇಕು, ಯಾಕೆ ಬೇಕು, ಅದನ್ನು ಎಲ್ಲಿ ನಡೆಸುವುದು, ಮನೆಯವರ ಒಪ್ಪಿಗೆ ಇದೆಯೇ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಸಾಕು. ಏಳನೆಯ ಕ್ಲಾಸಿಗೆ ಬಿಟ್ಟವರೂ ಬಿ.ಎ. ಮುಗಿಸಿದವರೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಶಿಬಿರ ವಸತಿ ಸಹಿತವಾಗಿ ನಡೆಯುವುದಕ್ಕೂ ಕಾರಣವಿದೆ. ದಿನವೂ ಮನೆಗೆ ಹೋಗಿ ಬರುವವನನ್ನು ಹಸು ಕರು, ಗದ್ದೆ ಕೆಲಸ, ನೆಂಟರಿಷ್ಟರು, ಊರ ಜಾತ್ರೆ ಎಳೆಯುತ್ತಲೇ ಇರುತ್ತವೆ. ಬೆಳಿಗ್ಗೆ ಎದ್ದು ಯೋಗ, ಶ್ರಮದಾನ, ಪ್ರಾರ್ಥನೆ, ತರಗತಿ, ಸಂಜೆ ದಿನದ ಪಾಠದ ಮೆಲುಕು ಎಂದು ಸಾಗುವ ದಿನಚರಿಯಲ್ಲಿ ಜಾತಿ ಮತ ಬೇರೆಯಾದ ಮೂವತ್ತು ಜನ ಒಟ್ಟಿಗೆ ಉಣ್ಣುತ್ತಾರೆ. ನಾಲ್ಕು ಜನರೆದುರು ಎದ್ದು ನಿಂತು ಮಾತಾಡಿ ಗೊತ್ತಿಲ್ಲದ ಹುಡುಗಿಯೂ ವಾರದೊಳಗೆ ವರದಿ ಓದುತ್ತಾಳೆ.

ಮೊದಲ ದಿನಗಳಲ್ಲಿ ಕಸುಬಿನ ಮಾತೇ ಇರುವುದಿಲ್ಲ, ಆಟಗಳಿರುತ್ತವೆ. ಹೊರಗಿನವರಿಗೆ ಇದು ಹೊತ್ತು ಕಳೆಯುವ ಕೆಲಸದಂತೆ ಕಂಡೀತು. ಈ ತರಬೇತಿಯ ತಿರುಳು ಇರುವುದು ಇಲ್ಲಿಯೇ. ಒಂದು ಆಟದಲ್ಲಿ ನೆಟ್ಟ ಗೂಟಕ್ಕೆ ಬಳೆ ಎಸೆಯಬೇಕು. ಎಷ್ಟು ದೂರದಿಂದ ಎಸೆಯುವುದೆಂದು ಎಸೆಯುವವನೇ ತೀರ್ಮಾನಿಸಬೇಕು. ಹತ್ತಿರ ನಿಂತರೆ ಬಳೆ ಬೀಳುವುದು ಖಚಿತ, ಆದರೆ ಅಂಕ ಕಡಿಮೆ. ತೀರ ದೂರ ನಿಂತರೆ ಅಂಕ ಬಹಳ, ಬಳೆ ಮಾತ್ರ ಬೀಳದು. ಕೆಲವರು ಭಯದಿಂದ ಗೂಟಕ್ಕೆ ಅಂಟಿಕೊಂಡೇ ನಿಲ್ಲುತ್ತಾರೆ, ಕೆಲವರು ಚಪ್ಪಾಳೆಯ ಆಸೆಗೆ ಕೊನೆಯ ಗೆರೆಗೆ ಹೋಗುತ್ತಾರೆ. ಮೊದಲ ಎಸೆತದ ಫಲ ನೋಡಿ, ತನ್ನ ಕೈಯ ಅಳತೆ ತಿಳಿದು, ಒಂದೊಂದೇ ಹೆಜ್ಜೆ ಹಿಂದೆ ಸರಿಯುವವನು ವ್ಯಾಪಾರದಲ್ಲಿ ಉಳಿಯುತ್ತಾನೆ. ಇನ್ನೊಂದು ಆಟದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಎಡಗೈಯಿಂದ ಮರದ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಬೇಕು. ಎಷ್ಟು ಪೇರಿಸುತ್ತೇನೆಂದು ಮೊದಲೇ ಹೇಳಬೇಕು. ಪಕ್ಕದಲ್ಲಿ ನಿಂತ ಇಬ್ಬರು ದಾರಿ ಹೇಳುತ್ತಾರೆ. ಅವರ ಮಾತು ಧೈರ್ಯ ತುಂಬುವುದೂ ಉಂಟು, ಕೈ ನಡುಗಿಸುವುದೂ ಉಂಟು. ಮನೆಯವರ ಮಾತಿಗೆ ಎಷ್ಟು ಬಲವಿದೆ ಎಂಬುದನ್ನು ಶಿಬಿರಾರ್ಥಿ ಬಿಲ್ಲೆಗಳು ಉರುಳಿದಾಗ ಕಲಿಯುತ್ತಾನೆ. ಮೂರನೆಯದು ಕಾಗದದ ದೋಣಿ ಮಾಡುವ ಆಟ. ಕಾಗದವನ್ನು ದುಡ್ಡು ಕೊಟ್ಟು ಕೊಳ್ಳಬೇಕು, ಹೇಳಿದ ಅವಧಿಯಲ್ಲಿ ದೋಣಿ ಮಾಡಿ ಮಾರಬೇಕು. ಮಡಿಕೆ ಸೊಟ್ಟಗಿದ್ದರೆ ಕೊಳ್ಳುವವರು ಅದನ್ನು ಬದಿಗೆ ಸರಿಸುತ್ತಾರೆ. ಆಸೆಯಿಂದ ಕಾಗದ ಹೆಚ್ಚು ಕೊಂಡವನಿಗೆ ಉಳಿದ ಹಾಳೆಯೇ ನಷ್ಟ.

ಈ ಆಟಗಳ ಹಿಂದೆ ಒಂದು ಸಿದ್ಧಾಂತವಿದೆ. ಸಾಧಿಸಬೇಕೆಂಬ ಹಂಬಲ ಹುಟ್ಟುಗುಣವಲ್ಲ, ಅದನ್ನು ಅಭ್ಯಾಸದಿಂದ ಬೆಳೆಸಬಹುದು ಎಂದು ವಾದಿಸಿದವನು ಅಮೆರಿಕದ ಮನಃಶಾಸ್ತ್ರಜ್ಞ ಡೇವಿಡ್ ಮೆಕ್ಲೆಲೆಂಡ್. ಅರವತ್ತರ ದಶಕದಲ್ಲಿ ಹೈದರಾಬಾದಿನ ಸಣ್ಣ ಕೈಗಾರಿಕಾ ತರಬೇತಿ ಸಂಸ್ಥೆಯ ನೆರವಿನಿಂದ ಅವನು ಆಂಧ್ರದ ಕಾಕಿನಾಡದ ವ್ಯಾಪಾರಿಗಳ ಮೇಲೆ ಈ ಪ್ರಯೋಗ ನಡೆಸಿದ. ತರಬೇತಿ ಪಡೆದವರು ಹೊಸ ವ್ಯಾಪಾರ ತೆರೆಯುವುದರಲ್ಲಿ, ಬಂಡವಾಳ ಹೂಡುವುದರಲ್ಲಿ ಉಳಿದವರಿಗಿಂತ ಮುಂದಿದ್ದರು. ಕಾಕಿನಾಡದಲ್ಲಿ ಇದು ಮೊದಲೇ ವ್ಯಾಪಾರ ಗೊತ್ತಿದ್ದವರಿಗಾಗಿತ್ತು. ಉಜಿರೆಯಲ್ಲಿ ಅದೇ ಬಗೆಯ ಆಟಗಳು ತಲೆಮಾರುಗಳಿಂದ ಕೂಲಿ ಮಾಡಿದ ಮನೆಗಳ ಮಕ್ಕಳ ಕೈಗೆ ಬಂದವು. ವಿದ್ವತ್ತಿನ ಒಂದು ಪ್ರಯೋಗ ಇಷ್ಟು ಬಡವರ ಬದುಕಿಗೆ ಇಳಿದುಬಂದ ಉದಾಹರಣೆಗಳು ಹೆಚ್ಚಿಲ್ಲ.

ಆಮೇಲೆ ಕಸುಬು. ಹೈನುಗಾರಿಕೆಗೆ ಹತ್ತು ದಿನ ಸಾಕು. ಹೊಲಿಗೆ, ಮೊಬೈಲ್ ರಿಪೇರಿ, ಬ್ಯೂಟಿ ಪಾರ್ಲರ್, ಮೋಟಾರ್ ರಿವೈಂಡಿಂಗ್‌ನಂಥವಕ್ಕೆ ಸುಮಾರು ಒಂದು ತಿಂಗಳು ಬೇಕು. ಆಡು ಕುರಿ ಸಾಕಣೆ, ಜೇನು ಕೃಷಿ, ಅಣಬೆ ಬೇಸಾಯ, ಹಪ್ಪಳ ಉಪ್ಪಿನಕಾಯಿ, ಫೋಟೋಗ್ರಫಿ, ದ್ವಿಚಕ್ರ ವಾಹನ ರಿಪೇರಿ, ಮನೆ ವೈರಿಂಗ್, ಸಿಸಿಟಿವಿ ಅಳವಡಿಕೆ ಎಂದು ಪಟ್ಟಿ ಅರವತ್ತನ್ನು ದಾಟುತ್ತದೆ. ತಿಂಗಳಲ್ಲಿ ಏನು ಕಲಿತಾರು ಎಂಬ ಅನುಮಾನ ಸಹಜ. ಬೋರ್‌ವೆಲ್ ನಂಬಿದ ಚಿತ್ರದುರ್ಗದಂಥ ಜಿಲ್ಲೆಯ ಮೋಟಾರ್ ರಿವೈಂಡಿಂಗ್ ಪಾಠವನ್ನೇ ನೋಡಬಹುದು. ವೋಲ್ಟೇಜ್ ಏರಿಳಿತಕ್ಕೆ ಸುಟ್ಟ ಮೋಟಾರನ್ನು ಬಿಚ್ಚಿ, ಕರಿಕಟ್ಟಿದ ತಂತಿ ಕಿತ್ತು, ಎಷ್ಟು ಸುತ್ತು ಇತ್ತು, ತಂತಿಯ ದಪ್ಪ ಎಷ್ಟು ಎಂದು ಬರೆದಿಟ್ಟುಕೊಳ್ಳುವುದು ಮೊದಲ ಹಂತ. ಸ್ಟೇಟರ್‌ನ ಸೀಳುಗಳಿಗೆ ನಿರೋಧಕ ಕಾಗದ ಹಾಸಿ, ಅಷ್ಟೇ ಸುತ್ತಿನ ಹೊಸ ಸುರುಳಿ ಕೂರಿಸಿ, ಜೋಡಣೆ ಮಾಡಿ, ವಾರ್ನಿಷ್ ಹಾಕಿ ಒಣಗಿಸಿ, ಸೋರಿಕೆ ಪರೀಕ್ಷೆ ಮಾಡುವಲ್ಲಿಗೆ ಕೆಲಸ ಮುಗಿಯುತ್ತದೆ. ದಿನಕ್ಕೆ ಎಂಟು ಗಂಟೆ ಇದನ್ನೇ ಮಾಡಿದವನಿಗೆ ಒಂದು ತಿಂಗಳು ಕಡಿಮೆಯಲ್ಲ. ಬೇಸಿಗೆಯಲ್ಲಿ ಬೆಳೆ ಒಣಗುತ್ತಿರುವಾಗ ಮೋಟಾರು ಸುಟ್ಟ ರೈತ ಪೇಟೆಯ ಅಂಗಡಿಯಲ್ಲಿ ನಾಲ್ಕು ದಿನ ಕಾಯಲಾರ. ಪಕ್ಕದ ಊರಲ್ಲೇ ಕೆಲಸ ಬಲ್ಲವನಿದ್ದರೆ ಅಲ್ಲಿಗೇ ಹೋಗುತ್ತಾನೆ. ಊರಿನ ಅಗತ್ಯ ಹೀಗೆ ಕಸುಬನ್ನು ಆರಿಸಿದಾಗ ತರಬೇತಿ ವ್ಯರ್ಥವಾಗುವುದಿಲ್ಲ.

ಕೊನೆಯ ದಿನಗಳು ಲೆಕ್ಕಕ್ಕೆ ಮೀಸಲು. ಶಿಬಿರಾರ್ಥಿಗಳು ಪೇಟೆಗೆ ಹೋಗಿ ಅಂಗಡಿಗಳವರನ್ನು ಮಾತಾಡಿಸಿ, ಸರಕು ಎಲ್ಲಿಂದ ಬರುತ್ತದೆ, ದರ ಎಷ್ಟು, ಗಿರಾಕಿ ಯಾರು ಎಂದು ತಿಳಿದು ಬಂದು ತಮ್ಮ ತಮ್ಮ ಯೋಜನಾ ವರದಿ ಬರೆಯುತ್ತಾರೆ. 50,000 ರೂಪಾಯಿ ಸಾಲವನ್ನು 36 ಕಂತಿನಲ್ಲಿ ತೀರಿಸಬೇಕಾದರೆ, ಬಡ್ಡಿ ಬಿಟ್ಟು ಅಸಲೇ ತಿಂಗಳಿಗೆ ಸುಮಾರು 1,400 ರೂಪಾಯಿ. ಒಂದು ರವಿಕೆಗೆ ನೂಲು, ಹುಕ್ಕು, ಕರೆಂಟು ಕಳೆದು 100 ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಂಡರೆ, ತಿಂಗಳ ಮೊದಲ ಹದಿನಾಲ್ಕು ರವಿಕೆಗಳು ಬ್ಯಾಂಕಿನವು, ಮನೆ ಖರ್ಚಿನದು ಹದಿನೈದನೆಯದರಿಂದ. ಹೊಲಿಗೆ ಮೊದಲೇ ಬರುತ್ತಿದ್ದ ಎಷ್ಟೋ ಹೆಣ್ಣುಮಕ್ಕಳಿಗೆ ಈ ಲೆಕ್ಕ ಹೊಸದು. ಅಣ್ಣನೋ ಗಂಡನೋ ಹಿಡಿದ ಪುಸ್ತಕವನ್ನು ಅವರು ತಾವೇ ಹಿಡಿಯುವುದು ಇಲ್ಲಿಂದ ಶುರುವಾಗುತ್ತದೆ. ಶಿಬಿರಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಮಹಿಳೆಯರೇ ಆಗಿರುವುದರಿಂದ ಇದು ಸಣ್ಣ ಸಂಗತಿಯಲ್ಲ.

ತರಬೇತಿ ಮುಗಿದ ಮೇಲೆ ಎರಡು ವರ್ಷ ಅನುಸರಣೆ. ಸಂಸ್ಥೆಯ ಸಿಬ್ಬಂದಿ ಪತ್ರ, ಫೋನು, ಭೇಟಿಗಳ ಮೂಲಕ ಯಾರು ಏನು ಮಾಡುತ್ತಿದ್ದಾರೆಂದು ನೋಡುತ್ತಾರೆ. ಸಾಲದ ಅರ್ಜಿ ಎಲ್ಲಿ ಸಿಕ್ಕಿಕೊಂಡಿದೆ ಎಂದು ಶಾಖೆಯನ್ನು ಕೇಳುತ್ತಾರೆ. ತರಬೇತಿ ಪಡೆದವರಲ್ಲಿ ನೂರಕ್ಕೆ 70 ಮಂದಿಯಾದರೂ ಸ್ವಂತ ದುಡಿಮೆಯಲ್ಲಿ ನೆಲೆ ನಿಲ್ಲಬೇಕು, ಅಂಥವರಲ್ಲಿ ಅರ್ಧದಷ್ಟು ಮಂದಿಗಾದರೂ ಬ್ಯಾಂಕ್ ಸಾಲ ಸಿಕ್ಕಿರಬೇಕು ಎಂಬುದು ಆರ್‌ಸೆಟಿಗಳಿಗೆ ನಿಗದಿಯಾದ ಗುರಿ. ಸಾಲಕ್ಕೆ ಈಗ ದಾರಿಗಳೂ ಹೆಚ್ಚಿವೆ. 2015ರ ಏಪ್ರಿಲ್‌ನಲ್ಲಿ ಬಂದ ಮುದ್ರಾ ಯೋಜನೆಯ ಶಿಶು ವರ್ಗದಲ್ಲಿ ಜಾಮೀನಿಲ್ಲದೆ 50,000 ರೂಪಾಯಿವರೆಗೆ ಸಾಲ ಸಿಗುತ್ತದೆ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಗ್ರಾಮೀಣ ಭಾಗದ ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರು, ಅಂಗವಿಕಲರು ಯೋಜನಾ ವೆಚ್ಚದ ಶೇ 5ರಷ್ಟನ್ನು ತಾವು ಹಾಕಿದರೆ ಶೇ 35ರಷ್ಟು ಸಬ್ಸಿಡಿ ದೊರೆಯುತ್ತದೆ.

ಉಜಿರೆಯ ಮಾದರಿ ಧಾರವಾಡ, ಮೈಸೂರು, ಬ್ರಹ್ಮಾವರ, ಚಿತ್ರದುರ್ಗ, ವಿಜಯಪುರ, ನೆಲಮಂಗಲ ಬಳಿಯ ಅರಿಶಿನಕುಂಟೆಗೆ ಹಬ್ಬಿತು. ಕೇರಳದ ಕಣ್ಣೂರು, ಆಂಧ್ರದ ಅನಂತಪುರ, ಪಂಜಾಬಿನ ಜಲಂಧರ್‌ಗಳಿಗೂ ಹೋಯಿತು. 17 ರಾಜ್ಯಗಳಲ್ಲಿ 27 ರುಡ್‌ಸೆಟ್ ಸಂಸ್ಥೆಗಳಾದವು. 2009ರಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದನ್ನೇ ದೇಶದ ಮಾದರಿಯಾಗಿ ಸ್ವೀಕರಿಸಿ, ಪ್ರತಿ ಜಿಲ್ಲೆಗೊಂದು ಆರ್‌ಸೆಟಿ ಎಂದು ಯೋಜಿಸಿತು. ನಿವೇಶನ ರಾಜ್ಯ ಸರ್ಕಾರದ್ದು, ಕಟ್ಟಡಕ್ಕೆ ಆಗ ಒಂದು ಕೋಟಿ ರೂಪಾಯಿವರೆಗೆ ಕೇಂದ್ರದ ನೆರವು, ನಡೆಸುವ ಹೊಣೆ ಸಾಮಾನ್ಯವಾಗಿ ಆ ಜಿಲ್ಲೆಯ ಲೀಡ್ ಬ್ಯಾಂಕಿನದು. ಶಿಬಿರಾರ್ಥಿಗಳಲ್ಲಿ ಶೇ 70ರಷ್ಟಾದರೂ ಬಡ ಗ್ರಾಮೀಣ ಕುಟುಂಬದವರಿರಬೇಕು ಎಂಬ ನಿಯಮ ಸೇರಿತು. ಆರ್‌ಸೆಟಿಗಳ ನಿರ್ದೇಶಕರು ಮತ್ತು ಬೋಧಕರಿಗೆ ಪಾಠ ಹೇಳುವ ರುಡ್‌ಸೆಟ್ ರಾಷ್ಟ್ರೀಯ ಅಕಾಡೆಮಿ ಬೆಂಗಳೂರಿನಲ್ಲಿದೆ. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾದ್ದರಿಂದ ಸ್ಥಾಪಕರಲ್ಲಿ ಒಂದು ಹೆಸರು ಈಗಿಲ್ಲ. ದೇಶದಲ್ಲಿ ಇಂದು ಸುಮಾರು 600 ಆರ್‌ಸೆಟಿಗಳಿವೆ. ಅವುಗಳಲ್ಲಿ ತರಬೇತಿ ಪಡೆದವರ ಸಂಖ್ಯೆ 50 ಲಕ್ಷವನ್ನು ದಾಟಿದೆ.

ಇತರ ಉಚಿತ ತರಬೇತಿಗಳೊಂದಿಗೆ ಇದನ್ನು ಗೊಂದಲ ಮಾಡಿಕೊಳ್ಳುವವರು ಬಹಳ. 2014ರಲ್ಲಿ ಬಂದ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ ಯೋಜನೆ ಯುವಜನರನ್ನು ಕಂಪನಿಗಳ ಸಂಬಳದ ಕೆಲಸಕ್ಕೆ ಸಿದ್ಧಗೊಳಿಸುತ್ತದೆ. ಅವರು ಬಹುಮಟ್ಟಿಗೆ ಊರು ಬಿಡಬೇಕಾಗುತ್ತದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ ಕಮ್ಮಾರ, ಬಡಗಿ, ಕುಂಬಾರರಂಥ 18 ಪಾರಂಪರಿಕ ವೃತ್ತಿಗಳವರಿಗೆ; ಅಲ್ಲಿ ತರಬೇತಿಯ ದಿನಗಳಿಗೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ ಇದೆ. ಆರ್‌ಸೆಟಿ ಇರುವುದು ಊರಲ್ಲೇ ಉಳಿದು ಹೊಸದಾಗಿ ಏನಾದರೂ ಮಾಡಬೇಕೆನ್ನುವವರಿಗೆ.

ಉಚಿತ ಎಂಬ ಮಾತಿನ ಬೆಲೆಯನ್ನೂ ಲೆಕ್ಕ ಹಾಕಬೇಕು. ದಿನಗೂಲಿಯಿಂದ ಬದುಕುವವನಿಗೆ ಮೂವತ್ತು ದಿನದ ಶಿಬಿರವೆಂದರೆ ಮೂವತ್ತು ದಿನದ ಕೂಲಿ ನಷ್ಟ. ಶುಲ್ಕವಿಲ್ಲದಿರುವುದು, ಊಟ ಕೊಡುವುದು ಅವನ ಹೊಟ್ಟೆಗಾಯಿತು, ಮನೆಯಲ್ಲಿರುವವರ ಹೊಟ್ಟೆಗಲ್ಲ. ಅದಕ್ಕೇ ಕಡುಬಡವರು ಇಂಥ ಶಿಬಿರಗಳಿಗೆ ಬರುವುದು ಕಷ್ಟ, ಅವರಿಗಿಂತ ಒಂದು ಮೆಟ್ಟಿಲು ಮೇಲಿರುವವರು ಬರುವುದು ಸುಲಭ. ಉದ್ಯೋಗ ಖಾತರಿಯಲ್ಲಿ ವರ್ಷಕ್ಕೆ ನೂರು ದಿನ ದುಡಿದ ಕುಟುಂಬದ ಒಬ್ಬರಿಗೆ ಕೂಲಿ ದರದಲ್ಲೇ ಭತ್ಯೆ ಕೊಟ್ಟು ತರಬೇತಿಗೆ ಕಳಿಸುವ ಉನ್ನತಿ ಎಂಬ ಯೋಜನೆಯನ್ನು ಕೇಂದ್ರ ಸರ್ಕಾರ ರೂಪಿಸಿದ್ದು ಈ ಕೊರತೆ ಕಂಡೇ. ಅದು ಸರಿಯಾದ ಹೆಜ್ಜೆ. ಎಳೆಯ ಮಕ್ಕಳ ತಾಯಂದಿರ ಕಷ್ಟ ಇನ್ನೂ ಬೇರೆ. ವಸತಿ ಶಿಬಿರದಲ್ಲಿ ಮಗುವಿಗೆ ಜಾಗವಿಲ್ಲದಿದ್ದರೆ ತಾಯಿಗೂ ಇಲ್ಲ. ಹಳ್ಳಿಗೇ ಹೋಗಿ ನಡೆಸುವ ಶಿಬಿರಗಳು ಇದಕ್ಕೆ ಅರ್ಧ ಪರಿಹಾರ, ಏಕೆಂದರೆ ಅಲ್ಲಿ ವಸತಿ ಶಿಬಿರದ ಶಿಸ್ತು ಮತ್ತು ಒಡನಾಟ ಸಿಗುವುದಿಲ್ಲ.

ಎರಡನೆಯ ತೊಡಕು ಕಸುಬಿನ ಆಯ್ಕೆಯದು. ಗುರಿ ಮುಟ್ಟುವ ಅವಸರದಲ್ಲಿ ಒಂದೇ ಹೋಬಳಿಯಲ್ಲಿ ಮತ್ತೆ ಮತ್ತೆ ಹೊಲಿಗೆ ಶಿಬಿರ ನಡೆದರೆ, ಹತ್ತು ಮಂದಿಗೆ ಸಾಲುವ ಬಟ್ಟೆಯನ್ನು ನಲವತ್ತು ಮಂದಿ ಹಂಚಿಕೊಳ್ಳಬೇಕಾಗುತ್ತದೆ. ಸಂಖ್ಯೆ ತುಂಬಿತು, ದುಡಿಮೆ ತುಂಬಲಿಲ್ಲ. ಮೂರನೆಯದು ಬ್ಯಾಂಕ್ ಶಾಖೆಯ ಬಾಗಿಲು. ಆರ್‌ಸೆಟಿಯ ನಿರ್ದೇಶಕ ಬ್ಯಾಂಕಿನವನೇ ಆದರೂ ಶಿಬಿರಾರ್ಥಿಯ ಊರಿನ ಶಾಖೆ ಬೇರೆ ಬ್ಯಾಂಕಿನದಿರಬಹುದು. ತಂದೆಯ ಹಳೆಯ ಬೆಳೆಸಾಲ ಬಾಕಿ, ಸಿಬಿಲ್ ಅಂಕ, ಬಾಡಿಗೆ ಕರಾರು ಇಲ್ಲದಿರುವುದು, ಇವುಗಳಲ್ಲಿ ಒಂದು ಸಾಕು ಅರ್ಜಿ ಹಿಂದಕ್ಕೆ ಬರಲು. ಹಾಗೆ ಹಿಂದಕ್ಕೆ ಬಂದವರು ಮನೆಬಾಗಿಲಲ್ಲೇ ಸಾಲ ಕೊಡುವ ಮೈಕ್ರೋಫೈನಾನ್ಸ್‌ಗಳತ್ತ ಹೋಗುತ್ತಾರೆ. ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು ಎಂಬುದು ಆ ದಾರಿಯ ಕೊನೆ ಎಂಥದೆಂದು ಹೇಳುತ್ತದೆ. ತರಬೇತಿ ಕೊಟ್ಟು ಸಾಲ ಕೊಡದಿರುವುದು ಈಜು ಕಲಿಸಿ ಕೆರೆಯ ನೀರು ಬತ್ತಿಸಿದಂತೆ. ಉಜಿರೆಯಲ್ಲಿ 1982ರಲ್ಲಿ ಕಂಡುಕೊಂಡದ್ದು ಈ ಎರಡರ ಜೋಡಣೆಯನ್ನು. ಅದು ಕಳಚಿದ ಕಡೆ ಉಳಿಯುವುದು ಗೋಡೆಗೆ ತೂಗುಹಾಕಿದ ಪ್ರಮಾಣಪತ್ರ ಮಾತ್ರ. ಆರ್‌ಸೆಟಿಗಳನ್ನು ಅಳೆಯುವಾಗ ಎಷ್ಟು ಜನ ಕಲಿತರು ಎಂಬುದಕ್ಕಿಂತ ಎರಡನೆಯ ವರ್ಷದ ಕೊನೆಗೆ ಎಷ್ಟು ಅಂಗಡಿಗಳ ಬಾಗಿಲು ತೆರೆದಿವೆ ಎಂಬುದನ್ನು ಮೊದಲು ನೋಡಬೇಕು.

ಸೇರಬಯಸುವವರು ಹೆಚ್ಚು ಅಲೆಯಬೇಕಿಲ್ಲ. ಹದಿನೆಂಟು ತುಂಬಿದ, ನಲವತ್ತೈದರ ಒಳಗಿನ ಗ್ರಾಮೀಣ ನಿರುದ್ಯೋಗಿಗಳು ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್‌ಗಳ ನಕಲು ಮತ್ತು ಭಾವಚಿತ್ರ ಹಿಡಿದು ತಮ್ಮ ಜಿಲ್ಲೆಯ ಆರ್‌ಸೆಟಿ ಅಥವಾ ರುಡ್‌ಸೆಟ್ ಸಂಸ್ಥೆಗೆ ಹೋಗಿ ಹೆಸರು ಬರೆಸಬಹುದು. ಸಂಸ್ಥೆ ಎಲ್ಲಿದೆ ಎಂದು ತಿಳಿಯದಿದ್ದರೆ ಗ್ರಾಮ ಪಂಚಾಯಿತಿಯಲ್ಲಿ, ಸ್ವಸಹಾಯ ಸಂಘದ ಒಕ್ಕೂಟದಲ್ಲಿ ಅಥವಾ ಹತ್ತಿರದ ಬ್ಯಾಂಕ್ ಶಾಖೆಯಲ್ಲಿ ವಿಚಾರಿಸಬಹುದು. ಅರ್ಜಿಗೂ ತರಬೇತಿಗೂ ಊಟ ವಸತಿಗೂ ಯಾರಿಗೂ ಒಂದು ರೂಪಾಯಿ ಕೊಡಬೇಕಾಗಿಲ್ಲ.